ರಾಸ್ಪ್‌ಬೆರಿ ಪೈನ ಓವರ್‌ಲೇ: ಶಾಲೆಯ ಬಳಕೆಗೆ ಎಷ್ಟು ಭದ್ರ?

ಶಿರಸಿ ಸಮೀಪದ ನಮ್ಮೂರ ಶಾಲೆಯಲ್ಲಿ ರಾಸ್ಪ್‌ಬೆರಿ ಪೈ 4 ಯಂತ್ರಗಳನ್ನು ನೋಡಿಕೊಳ್ಳುವವನಾಗಿ, ಅದರ ಅಧಿಕೃತ ಆಪರೇಟಿಂಗ್ ಸಿಸ್ಟಮ್‌ನಲ್ಲಿರುವ ಓವರ್‌ಲೇ (ಬಳಸುವವರು ಮಾಡಿದ ಬದಲಾವಣೆ ಕಾರ್ಡಿನಲ್ಲಿ ಉಳಿಯದಂತೆ ತಡೆಯುವ) ಸೌಲಭ್ಯದ ಬಗ್ಗೆ ಬರೆಯುತ್ತಿದ್ದೇನೆ. ಈ ಪುಟ್ಟ ಕಂಪ್ಯೂಟರಿನ ಬೂಟ್ ವಿಭಾಗವು (ಯಂತ್ರ ಶುರುವಾಗಲು ಬೇಕಾದ ಕಡತಗಳಿರುವ ಕಾರ್ಡಿನ ಭಾಗ) ಫ್ಯಾಟ್ ಎಂಬ ಸರಳ ಕಡತ ವ್ಯವಸ್ಥೆಯ ಮಾದರಿಯದಾದ್ದರಿಂದ, ಲಿನಕ್ಸಿನ ಉಳಿದ ಕಡತಗಳಿಗೆ ಮಾಡುವಂತೆ ಒಂದೊಂದು ಕಡತಕ್ಕೂ ಬೇರೆ ಬೇರೆ ಒಡೆತನ ಮತ್ತು ಅನುಮತಿಯನ್ನು ಗೊತ್ತುಪಡಿಸಲು ಅಲ್ಲಿ ಬರುವುದಿಲ್ಲ. ಸುಡೊ, ಅಂದರೆ ಯಂತ್ರದ ಮೇಲ್ವಿಚಾರಕನ ಅಧಿಕಾರವಿರುವ ವಿದ್ಯಾರ್ಥಿಯೊಬ್ಬ, ಒಂದೇ ಸಾಲಿನಲ್ಲಿರಬೇಕಾದ ಸಿಎಂಡಿಲೈನ್ (cmdline.txt) ಎಂಬ ಬೂಟ್ ಸೂಚನೆಗಳ ಕಡತವನ್ನು ತಿಳಿಯದೆ ಎರಡು ಸಾಲಾಗಿ ಮುರಿದರೂ ಯಂತ್ರ ಮತ್ತೆ ಶುರುವಾಗದೆ ಹೋಗಬಹುದು.

ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಸಾಧನದ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಆನ್ ಮಾಡಿದಾಗ, ಬೂಟ್ ವಿಭಾಗಕ್ಕೂ ಬರಹ-ತಡೆ ಹಾಕಬೇಕೇ ಎಂದು ಅದು ಕೇಳುತ್ತದೆ. ಇದಕ್ಕೆ ತಪ್ಪದೆ ಹೌದೆನ್ನಬೇಕು. ಅನಂತರ ಮುಖ್ಯ ವಿಭಾಗದಲ್ಲಿ ಮಕ್ಕಳು ಬದಲಿಸಿದ್ದೆಲ್ಲ ರ್‍ಯಾಮ್‌ನಲ್ಲಷ್ಟೇ ಉಳಿದು, ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಘಟ್ಟದ ಮೇಲಿನ ಊರುಗಳಿಗೆ ಇನ್ನೊಂದು ಲಾಭವೂ ಉಂಟು: ಬರೆಯುವ ನಡುವೆ ವಿದ್ಯುತ್ ಕಡಿದು ಕಾರ್ಡ್ ಕೆಡುವ ಭಯ ಬಹಳಷ್ಟು ತಗ್ಗುತ್ತದೆ. ನನಗಂತೂ ಇದೇ ಹೆಚ್ಚು ಬೆಲೆಯುಳ್ಳದ್ದೆನಿಸಿದೆ.

ಆದರೆ ಇದು ಪೂರ್ಣ ಬೀಗವಲ್ಲ. ಸುಡೊ ಬಲ್ಲವರು ರೀಮೌಂಟ್ (ವಿಭಾಗವನ್ನು ಮರುಜೋಡಿಸುವ) ಆಜ್ಞೆಯಿಂದ ಬೂಟ್ ವಿಭಾಗದ ತಡೆಯನ್ನು ತೆಗೆಯಬಲ್ಲರು. ಆದ್ದರಿಂದ ಮಕ್ಕಳಿಗೆ ಸುಡೊ ಇಲ್ಲದ ಪ್ರತ್ಯೇಕ ಖಾತೆ ಕೊಡುವುದು ಅಗತ್ಯ. ಮೈಕ್ರೊ ಎಸ್‌ಡಿ ಕಾರ್ಡನ್ನು ಕಿತ್ತು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಬೂಟ್ ಕಡತಗಳು ನೇರವಾಗಿ ತೆರೆದುಕೊಳ್ಳುತ್ತವೆ, ಹಾಗಾಗಿ ಕಾರ್ಡ್ ಕೈಗೆ ಸಿಗದಂತೆ ಸ್ಕ್ರೂ ಹಾಕಿದ ಪೆಟ್ಟಿಗೆ ಬೇಕು. ಮಕ್ಕಳ ಕೆಲಸವನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಬೇಕು, ಅಪ್‌ಡೇಟ್ ಮಾಡುವ ಮೊದಲು ಓವರ್‌ಲೇ ಆಫ್ ಮಾಡಿ ರೀಬೂಟ್ ಮಾಡಿ, ಬೂಟ್ ವಿಭಾಗದ ಬರಹ-ತಡೆಯನ್ನೂ ತೆಗೆಯಬೇಕು.