ನ್ಯಾನೊ ಎಳೆ ಹಿಡಿಯೋಕೆ ತಟ್ಟೆಯೋ, ಪಟ್ಟಿಯೋ, ಡ್ರಮ್ಮೋ?

ಬೈತಕೋಲ ಬಂದರಿನಲ್ಲಿ ಫೈಬರ್ ದೋಣಿ ನೋಡಿದವರಿಗೆ ಕಾಂಪೋಸಿಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರೆಸಿನ್ (ಗಟ್ಟಿಯಾಗುವ ಅಂಟು) ಒಳಗೆ ಗಾಜಿನ ಎಳೆ, ಅಷ್ಟೇ. ಕಾರವಾರದ ನಮ್ಮ ಲ್ಯಾಬಿನಲ್ಲಿ ಮಾಡುವುದೂ ಅದನ್ನೇ, ಎಳೆ ಮಾತ್ರ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣದು. ನೈಲಾನ್ 6 ಅನ್ನು ಫಾರ್ಮಿಕ್ ಆಸಿಡ್‌ನಲ್ಲಿ ಕರಗಿಸುತ್ತೇವೆ (ಚಗಳಿ ಇರುವೆಯ ಹುಳಿಯೂ ಇದೇ ಆಸಿಡ್). ಸಿರಿಂಜಿನ ಸೂಜಿಗೆ 20 ಕಿಲೋವೋಲ್ಟ್ ಕೊಟ್ಟರೆ ಎಳೆ ಚಿಮ್ಮುತ್ತದೆ. ಅದನ್ನು ಯಾವುದರ ಮೇಲೆ ಹಿಡಿಯಬೇಕು ಅನ್ನುವುದೇ ತಕರಾರು.

ಫಾಯಿಲ್ ಸುತ್ತಿದ ತಟ್ಟೆ ಅಗ್ಗ, ಸಲೀಸು. ಆದರೆ ಎಳೆಗಳು ಅಡ್ಡಾದಿಡ್ಡಿ ಬೀಳುತ್ತವೆ. ಯಾವ ದಿಕ್ಕಿಗೂ ವಿಶೇಷ ಬಲ ಇರಲ್ಲ.

ನಡುವೆ ಜಾಗ ಬಿಟ್ಟು ಎರಡು ಲೋಹದ ಪಟ್ಟಿ ಇಡುವ ಉಪಾಯವನ್ನು 2003ರಲ್ಲಿ ವಿಜ್ಞಾನಿಗಳಾದ ಡಾನ್ ಲಿ, ಯೂನಾನ್ ಶಿಯಾ ತಂಡ ಪ್ರಕಟಿಸಿತ್ತು. ಎಳೆಗಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸಾಲಾಗಿ ಕೂರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಾಚಿದ ಕೂದಲಿನ ಹಾಗೆ ಕಾಣುತ್ತದೆ. ಏನು ಪ್ರಯೋಜನ? ಪದರ ದಪ್ಪವಾದಂತೆ ಮೊದಲೇ ಕೂತ ಎಳೆಗಳ ಚಾರ್ಜ್ ಹೊಸ ಎಳೆಯನ್ನು ದೂಡುತ್ತದೆ, ಸಾಲು ಕೆಡುತ್ತದೆ. ಫೋಟೋಗೆ ಚೆಂದ, ಎಳೆದು ಪರೀಕ್ಷಿಸುವಷ್ಟು ದಪ್ಪ ಹಾಳೆ ಸಿಗಲ್ಲ.

ನನ್ನ ಓಟು ತಿರುಗುವ ಡ್ರಮ್ಮಿಗೆ, ಅದು ಎಳೆಗಳನ್ನು ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ವ್ಯಾಸ 10 ಸೆಂ.ಮೀ., ನಿಮಿಷಕ್ಕೆ 2000 ಸುತ್ತು. ಅಂದರೆ ಮೇಲ್ಮೈ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ನಿಧಾನ ಮಾಡಿದರೆ ತಟ್ಟೆಯ ಕಥೆಯೇ. ತೀರಾ ಜೋರಾದರೆ ಡ್ರಮ್ ಎಬ್ಬಿಸಿದ ಗಾಳಿಗೆ ಎಳೆ ಚದುರುತ್ತದೆ, ತುಂಡಾಗುತ್ತದೆ. ಹಾಳೆ ಬಿಡಿಸುವ ಮೊದಲು ಮೂಲೆಯಲ್ಲಿ ಪೆನ್ನಿನಿಂದ ಎಳೆಗಳ ದಿಕ್ಕಿಗೆ ಬಾಣದ ಗುರುತು ಹಾಕಿ. ಬಿಳಿ ಹಾಳೆಯಲ್ಲಿ ದಿಕ್ಕು ಬರಿಗಣ್ಣಿಗೆ ತಿಳಿಯಲ್ಲ. ಗುರುತು ಅಳಿಸಿಹೋದರೆ ಬೆರಳಲ್ಲೇ ಹರಿದು ನೋಡಬಹುದು: ಎಳೆಗಳ ಉದ್ದಕ್ಕೆ ಸರ್ರನೆ ಸೀಳುತ್ತದೆ, ಅಡ್ಡಕ್ಕೆ ಜಗ್ಗಾಡಬೇಕು.

ಡ್ರಮ್ಮಿಗೂ ಒಂದು ಕಿರಿಕಿರಿ ಇದೆ. ಹಾಳೆ ಒತ್ತೊತ್ತಾಗಿರುತ್ತದೆ, ಎಪಾಕ್ಸಿ ರೆಸಿನ್ ಬೇಗ ಒಳಗಿಳಿಯಲ್ಲ. ಅದನ್ನು ಸ್ವಲ್ಪ ಬಿಸಿ ಮಾಡಿ ತೆಳ್ಳಗಾಗಿಸಿ, ವ್ಯಾಕ್ಯೂಮ್ ಕೊಡಬೇಕು. ನಮ್ಮೂರಿನ ಜೂನ್‌-ಜುಲೈನಲ್ಲಂತೂ ನೈಲಾನ್ ಸುಮ್ನೆ ಕೂತಲ್ಲೇ ತೇವ ಹೀರುತ್ತದೆ. ಓವನ್‌ನಲ್ಲಿ ಒಣಗಿಸದೆ ರೆಸಿನ್ ಹಾಕಲೇಬೇಡಿ.

ಇಷ್ಟೆಲ್ಲ ಒದ್ದಾಟ ಬಲ ಒಂದೇ ದಿಕ್ಕಿಗೆ ಬೀಳುವ ಕಡೆ ಮಾತ್ರ. ಗಾಜಿನ ಬಟ್ಟೆಯ ಪದರಗಳು ಬಿಟ್ಟುಕೊಳ್ಳದ ಹಾಗೆ ನಡುವೆ ತೆಳುವಾಗಿ ಹಾಸೋದಕ್ಕೆ ನಾನು ಈಗಲೂ ತಟ್ಟೆಯನ್ನೇ ಬಳಸುತ್ತೇನೆ.