ಫೋನೋ, ಹಳೆಯ ಡಿಎಸ್‌ಎಲ್‌ಆರೋ: ಎರಡು ಸಲ ದುಡ್ಡು ಕೊಟ್ಟು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆಯ ಡಿಎಸ್‌ಎಲ್‌ಆರ್‌ಗೆ. ಅಂದರೆ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ, ಯಾರೋ ಬಳಸಿ ಬಿಟ್ಟದ್ದು. ಅದಕ್ಕೊಂದು 50 ಎಂಎಂ ಲೆನ್ಸ್. ಎರಡೂ ಸೇರಿ ನನ್ನ ಫೋನಿನ ಅರ್ಧ ಬೆಲೆ ಆಯಿತು. ಆದರೆ ಅಲ್ಲಿಗೆ ತಲುಪುವ ಮುಂಚೆ ನನಗೆ ನಾನೇ ಒಂದು ಸಲ ಟೋಪಿ ಹಾಕಿಕೊಂಡಿದ್ದೆ.

ಫೋನಿನಲ್ಲಿ ಸರಿಯಾದ ಜೂಮ್ ಇಲ್ಲ ಅಂತ ಮೊದಲು ತಂದದ್ದು ಜೇಬಿನಲ್ಲಿ ಹಿಡಿಯುವ, 30 ಪಟ್ಟು ಜೂಮ್ ಇರುವ ಹೊಸ ಪುಟ್ಟ ಕ್ಯಾಮೆರಾ. ಡಬ್ಬದ ಮೇಲೆ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿತ್ತು. ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್, ಎಷ್ಟು ದೊಡ್ಡದು ಅಂತ ನಾನು ನೋಡಲೇ ಇಲ್ಲ. ಆಮೇಲೆ ನೋಡಿದರೆ '1/2.3 ಇಂಚು'. ಅದು ಬರೀ ಹೆಸರಿಗೆ, ನಿಜವಾದ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ನನ್ನ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರೇ ಅದಕ್ಕಿಂತ ದೊಡ್ಡದು! ಸಾಲದ್ದಕ್ಕೆ ಫೋನು ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು, ಎಲ್ಲವನ್ನೂ ಕೂಡಿಸಿ ನಾಯ್ಸ್ (ಕಡಿಮೆ ಬೆಳಕಿನಲ್ಲಿ ಫೋಟೋ ತುಂಬ ಬರುವ ಚುಕ್ಕೆಗಳು) ಕಡಿಮೆ ಮಾಡಿ ಕೊಡುತ್ತದೆ. ಆ ಪುಟ್ಟ ಕ್ಯಾಮೆರಾ ಹಾಗೇನೂ ಮಾಡುತ್ತಿರಲಿಲ್ಲ. ಬಿಸಿಲಿನಲ್ಲಿ ದೂರದ ಹಕ್ಕಿ ಚೆನ್ನಾಗಿಯೇ ಬರುತ್ತಿತ್ತು. ಮನೆಯೊಳಗೆ ಬಂದರೆ ಫೋನಿನ ಮುಂದೆ ಸೋಲು. ಮೂರು ತಿಂಗಳಲ್ಲಿ ಮಾರಿಬಿಟ್ಟೆ.

ಡಿಎಸ್‌ಎಲ್‌ಆರ್ ಬಂದ ಮೇಲೆ ನಿಜವಾದ ಹೋಲಿಕೆ ನಡೆದದ್ದು ಮಗಳ ಸ್ಕಿಪ್ಪಿಂಗ್ ಮೇಲೆ. ಹೊತ್ತು ಮುಳುಗಿದೆ, ಇನ್ನೂ ಪೂರ್ತಿ ಕತ್ತಲಾಗಿಲ್ಲ. ಅವಳು ಜಿಗಿಯುತ್ತಲೇ ಇದ್ದಾಳೆ. ಫೋನಿನಲ್ಲಿ ಹತ್ತು ತೆಗೆದೆ. ಹಿಂದಿನ ಗೋಡೆ, ಗಿಡ ಎಲ್ಲ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮಗಳು ಮಾತ್ರ ಅಲ್ಲಾಡಿದ್ದಾಳೆ. ಒಂದೆರಡರಲ್ಲಿ ಮುಖ ಸರಿ ಬಂದಿತ್ತು. ದೊಡ್ಡದು ಮಾಡಿ ನೋಡಿದರೆ ಕೆನ್ನೆ ಮೇಣದ ಹಾಗೆ ನುಣ್ಣಗೆ, ಹಣೆಯ ಮೇಲಿನ ಕೂದಲು ಬ್ರಷ್ಷಿನಲ್ಲಿ ಬಳಿದ ಹಾಗೆ.

ಡಿಎಸ್‌ಎಲ್‌ಆರ್‌ನಲ್ಲಿ ಶಟರ್ 1/250 ಸೆಕೆಂಡು, ಅಪರ್ಚರ್ (ಲೆನ್ಸಿನ ಬಾಯಿ, ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ) ಎಫ್/1.8, ಐಎಸ್‌ಒ 3200 (ಇದು ಹೆಚ್ಚಿದಷ್ಟೂ ಫೋಟೋ ಬೆಳಗುತ್ತದೆ, ನಾಯ್ಸೂ ಹೆಚ್ಚುತ್ತದೆ) ಇಟ್ಟು ತೆಗೆದೆ. ಕಾಳು ಕಾಳಾಗಿ ನಾಯ್ಸ್ ಇತ್ತು, ಇಲ್ಲ ಅನ್ನಲ್ಲ. ಆದರೆ ಎರಡೂ ಕಾಲು ಗಾಳಿಯಲ್ಲಿವೆ, ಜಡೆ ಮೇಲಕ್ಕೆ ನೆಗೆದು ನಿಂತಿದೆ, ಬಿದ್ದ ಹಲ್ಲಿನ ಜಾಗ ಸಹ ಕಾಣುತ್ತದೆ. ಹಗ್ಗ ಮಾತ್ರ ಸ್ವಲ್ಪ ಅಲ್ಲಾಡಿತ್ತು. ಇರಲಿ ಬಿಡಿ, ಅದು ಹಗ್ಗ. ಈ ಕ್ಯಾಮೆರಾದ ಸೆನ್ಸರ್ ಸುಮಾರು 23.5 x 15.6 ಮಿ.ಮೀ. ಆ ಜೇಬಿನ ಕ್ಯಾಮೆರಾದ್ದಕ್ಕಿಂತ ಹೆಚ್ಚುಕಡಿಮೆ 13 ಪಟ್ಟು ಜಾಸ್ತಿ ಜಾಗ.

ಇಲ್ಲಿ ಒಂದು ಮಾತು. ಇದೇ ಕ್ಯಾಮೆರಾ ಜೊತೆಗೆ ಬಂದ 18-55 ಎಂಎಂ ಜೂಮ್ ಲೆನ್ಸ್ ಹಾಕಿದ್ದರೆ ನಾನು ಇಷ್ಟು ಜಂಬದಿಂದ ಬರೆಯುತ್ತಿರಲಿಲ್ಲ. 55ಕ್ಕೆ ಜೂಮ್ ಮಾಡಿದರೆ ಅದು ಎಫ್/5.6. ಎಫ್/1.8ಕ್ಕೆ ಹೋಲಿಸಿದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಹತ್ತರಲ್ಲಿ ಒಂದು ಪಾಲು. ಸೆನ್ಸರ್ ದೊಡ್ಡದಾಗಿ ಗಳಿಸಿದ್ದನ್ನೆಲ್ಲ ಲೆನ್ಸೇ ತಿಂದುಹಾಕುತ್ತದೆ. 'ಕ್ಯಾಮೆರಾ ತಗೊಂಡೆ, ಫೋನಿಗಿಂತ ಏನೂ ವ್ಯತ್ಯಾಸ ಇಲ್ಲ' ಅನ್ನುವವರನ್ನು ಯಾವ ಲೆನ್ಸ್ ಅಂತ ಕೇಳಿ ನೋಡಿ.

ಇನ್ನು ತಲೆನೋವಿನ ವಿಷಯ. ತೆಗೆದ ಫೋಟೋ ಫೋನಿಗೆ ಬರಬೇಕಲ್ಲ! ಕ್ಯಾಮೆರಾದಲ್ಲಿ ವೈ-ಫೈ ಇದೆ, ಅದಕ್ಕೊಂದು ಆ್ಯಪ್ ಇದೆ. ಕ್ಯಾಮೆರಾ ತನ್ನದೇ ವೈ-ಫೈ ಶುರು ಮಾಡುತ್ತದೆ, ಫೋನು ಅದಕ್ಕೆ ಸೇರುತ್ತದೆ. ಸೇರಿದ ಮರುಗಳಿಗೆಯೇ 'ಇದರಲ್ಲಿ ಇಂಟರ್ನೆಟ್ ಇಲ್ಲ' ಅಂತ ಗೊತ್ತಾಗಿ, ನನ್ನನ್ನು ಒಂದು ಮಾತೂ ಕೇಳದೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತದೆ. ಆ್ಯಪ್ 'ಕ್ಯಾಮೆರಾ ಸಿಗುತ್ತಿಲ್ಲ' ಅನ್ನುತ್ತದೆ. ಕೈಯಲ್ಲೇ ಇದೆಯಲ್ಲಪ್ಪಾ!

ಡೇಟಾ ಆಫ್ ಮಾಡಿದರೆ ಕೆಲಸ ಆಗುತ್ತದೆ ಅಂತ ಒಂದು ವಾರದ ಮೇಲೆ ತಿಳಿಯಿತು. ಆದರೂ 40 ಫೋಟೋ ಕಳಿಸುವಾಗ ನಡುವೆ ಫೋನಿನ ಸ್ಕ್ರೀನ್ ಆಫ್ ಆದರೆ ಅಲ್ಲಿಗೇ ನಿಂತಿತು. ಬೆರಳಿನಿಂದ ಸ್ಕ್ರೀನ್ ಮುಟ್ಟುತ್ತಾ ಕೂತಿರಬೇಕು. ಹಾಗೆ ಕೂತು ತಂದವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕು. ಆ್ಯಪ್ ಸದ್ದಿಲ್ಲದೆ 24 ಮೆಗಾಪಿಕ್ಸೆಲ್ ಫೋಟೋವನ್ನು 2 ಮೆಗಾಪಿಕ್ಸೆಲ್‌ಗೆ ಇಳಿಸಿ ಕಳಿಸಿತ್ತು.

ಕೊನೆಗೆ ಫೋನಿಗೆ ಚುಚ್ಚುವ ಕಾರ್ಡ್ ರೀಡರ್ ತಂದೆ. ಅದರಲ್ಲೂ ಒಂದು ಸಲ ಎದೆ ಧಸಕ್ಕೆಂದಿತು. 64 ಜಿಬಿ ಕಾರ್ಡ್ ಹಾಕಿದರೆ ಫೋನು 'ಈ ಕಾರ್ಡ್ ಓದಲು ಆಗುವುದಿಲ್ಲ, ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿತು. ಬೆರಳು ಬಟನ್ ಹತ್ತಿರ ಹೋಗಿತ್ತು. ಒತ್ತಿದ್ದರೆ ಎರಡು ತಿಂಗಳ ಫೋಟೋ ಅಷ್ಟೂ ಹೋಗುತ್ತಿತ್ತು. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳನ್ನು ಕ್ಯಾಮೆರಾ ಎಕ್ಸ್‌ಫ್ಯಾಟ್ ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಮಾಡುತ್ತದೆ, ಕೆಲವು ಫೋನುಗಳಿಗೆ ಅದು ಓದಲು ಬರುವುದಿಲ್ಲ. ಈಗ 32 ಜಿಬಿಯ ಎರಡು ಕಾರ್ಡ್ ಇಟ್ಟುಕೊಂಡಿದ್ದೇನೆ. ಚುಚ್ಚಿದರೆ ಎರಡು ನಿಮಿಷದ ಕೆಲಸ.

ವಿಡಿಯೋಗೆ ಫೋನೇ, ಮಾತೇ ಇಲ್ಲ. ಕಾಗದಪತ್ರ, ರಶೀದಿ ತೆಗೆಯಲೂ ಅದೇ. ಬ್ಯಾಟರಿಯಲ್ಲಿ ಡಿಎಸ್‌ಎಲ್‌ಆರ್ ಗೆಲ್ಲುತ್ತದೆ, ವಾರಕ್ಕೊಂದು ಚಾರ್ಜ್ ಸಾಕು. ಭಾರ ಇದೆ, ಅರ್ಧ ಕಿಲೋ ಮೇಲೇ. ಕ್ಯಾಮೆರಾ ಎತ್ತಿದರೆ ದೊಡ್ಡವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾರೆ, ಫೋನ್ ಎತ್ತಿದರೆ ಯಾರೂ ಕೇರ್ ಮಾಡಲ್ಲ. ಅದು ಮಾತ್ರ ಬೇಜಾರು.

ನಾನು ತಿಂಗಳಿಗೆ ಹತ್ತು ಹನ್ನೆರಡು ಫೋಟೋ ಆರಿಸಿ ಪ್ರಿಂಟ್ ಹಾಕಿಸಿ ಆಲ್ಬಮ್‌ಗೆ ಅಂಟಿಸುವವನು. ತೆಗೆದ ಐದು ನಿಮಿಷಕ್ಕೇ ಎಲ್ಲರಿಗೂ ಕಳಿಸಬೇಕು ಅನ್ನುವವರಿಗೆ ಈ ಕಾರ್ಡ್ ರೀಡರ್ ಸಹವಾಸ ಒಂದು ವಾರಕ್ಕೇ ಸಾಕಾಗುತ್ತದೆ, ಅವರು ಫೋನಿನಲ್ಲೇ ಇರಲಿ. ಬಳಸಿದ ಕ್ಯಾಮೆರಾ ಕೊಳ್ಳುವವರು ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ, ಜೇಡರ ಬಲೆಯ ಎಳೆ ಹಾಗೆ ಕಾಣುತ್ತದೆ. ಕಂಡರೆ ಸುಮ್ನೆ ಎದ್ದು ಬನ್ನಿ.

ಈ ವರ್ಷ ಫೋನ್ ಬದಲಾಯಿಸುವ ಯೋಚನೆ ಇತ್ತು, ಕೈಬಿಟ್ಟೆ. ಈಗ ಕಣ್ಣು ಒಂದು 35 ಎಂಎಂ ಲೆನ್ಸ್ ಮೇಲೆ. 50ರಲ್ಲಿ ಕೋಣೆಯೊಳಗೆ ತಾಯಿ ಮಗಳಿಬ್ಬರನ್ನೂ ಒಟ್ಟಿಗೆ ಹಿಡಿಯಲು ಹೋದರೆ ನನ್ನ ಬೆನ್ನು ಬೀರುವಿಗೆ ತಾಗುತ್ತದೆ.