ಪೇಜರ್ ಕಾಲದ ಕೊರಿಯನ್ ಆಡುನುಡಿ: ಜಯನಗರದ ಒಂದು ವಾರಾಂತ್ಯ ತರಗತಿ

ಬೆಂಗಳೂರಿನಲ್ಲಿ ಕೊರಿಯನ್ ಕಲಿಸುವವರಿಗೆ ಈಗ ಕೊರತೆಯಿಲ್ಲ. ಆದರೆ ಜಯನಗರದ ಸಣ್ಣ ಭಾಷಾ ಕೇಂದ್ರವೊಂದು ಹಳೆಯ ಸಂಪರ್ಕ ಸಾಧನಗಳು ಮತ್ತು ಆಡುನುಡಿಯ ಕುರಿತು ನಡೆಸುವ ವಾರಾಂತ್ಯದ ತರಗತಿಯ ರೀತಿಯೇ ಬೇರೆ. ಧಾರಾವಾಹಿಗಳಲ್ಲಿ ಕೇಳಿಬರುವ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡಿಸುವ ಬದಲು, ಆ ಮಾತುಗಳು ಯಾವ ಯಂತ್ರದ ಇಕ್ಕಟ್ಟಿನಲ್ಲಿ ಹುಟ್ಟಿದವು ಎಂಬಲ್ಲಿಂದ ಇಲ್ಲಿನ ಪಾಠ ಆರಂಭವಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಇದೇ.

ಆ ಯಂತ್ರ ಪೇಜರ್, ಅಂದರೆ ಯಾರಾದರೂ ಸಂದೇಶ ಕಳಿಸಿದಾಗ ಸದ್ದು ಮಾಡಿ ಅದನ್ನು ಪುಟ್ಟ ಪರದೆಯಲ್ಲಿ ತೋರಿಸುತ್ತಿದ್ದ ಜೇಬಿನ ಸಾಧನ. ಅದರ ಸದ್ದನ್ನೇ ಹಿಡಿದು ಕೊರಿಯನ್ನರು ಅದನ್ನು ‘ಪಿಪ್ಪಿ’ ಎಂದು ಕರೆದರು. ದಕ್ಷಿಣ ಕೊರಿಯಾದಲ್ಲಿ 1982ರಲ್ಲಿ ಶುರುವಾದ ಈ ಸೇವೆಗೆ 1997ರ ಹೊತ್ತಿಗೆ ಸುಮಾರು 1.5 ಕೋಟಿ ಚಂದಾದಾರರಿದ್ದರು. ಸಾಮಾನ್ಯ ಪೇಜರ್‌ನ ಪರದೆಯಲ್ಲಿ ಅಂಕಿಗಳಷ್ಟೇ ಮೂಡುತ್ತಿದ್ದುದರಿಂದ, ಸೂಚನೆ ಬಂದವರು ಸಾರ್ವಜನಿಕ ಫೋನ್ ಹುಡುಕಿಕೊಂಡು ಹೋಗಿ ಆ ಸಂಖ್ಯೆಗೆ ಕರೆ ಮಾಡಬೇಕಿತ್ತು. ಅಷ್ಟರವರೆಗೆ ಕಾಯಲಾರದ ಹರೆಯದವರು ಅಂಕಿಗಳಲ್ಲೇ ವಿಷಯ ತಿಳಿಸುವ ದಾರಿ ಕಂಡುಕೊಂಡರು. 8ಕ್ಕೆ ‘ಪಲ್’, 2ಕ್ಕೆ ‘ಇ’ ಆದ್ದರಿಂದ 8282 ಎಂದರೆ ‘ಪಲ್ಲಿ ಪಲ್ಲಿ’, ಅಂದರೆ ಬೇಗ ಬೇಗ. 1004ನ್ನು ‘ಚೊನ್‌ಸಾ’ ಎಂದು ಓದುತ್ತಾರೆ. ದೇವದೂತ ಎಂಬುದಕ್ಕೂ ಅದೇ ಉಚ್ಚಾರ.

ಇಡೀ ತರಗತಿಯಲ್ಲಿ ಅತ್ಯುತ್ತಮವಾಗಿದ್ದುದು 486ರ ಪಾಠ. ಪ್ರೀತಿಸುತ್ತೇನೆ ಎನ್ನುವ ‘ಸಾರಾಂಗ್‌ಹೆ’ಗೆ ಈ ಸಂಖ್ಯೆ ಬಂದದ್ದು ಉಚ್ಚಾರದಿಂದಲ್ಲ, ಅದರ ಮೂರು ಅಕ್ಷರಗಳಲ್ಲಿರುವ ಗೆರೆಗಳ ಎಣಿಕೆಯಿಂದ. ಅಧ್ಯಾಪಕಿ ಹಲಗೆಯ ಮೇಲೆ ಒಂದೊಂದೇ ಗೆರೆ ಎಳೆದು ಎಣಿಸಿದರು. ಮೊದಲಿನದಕ್ಕೆ ನಾಲ್ಕು, ಕೊನೆಯದಕ್ಕೆ ಆರು ಸಲೀಸಾಗಿ ಬಂದವು. ನಡುವಿನದಕ್ಕೆ ಎಂಟು ಬರಬೇಕಾದರೆ ರಕಾರದ ಚಿಹ್ನೆಯನ್ನು ಬರೆಯುವಾಗಿನ ಮೂರು ಎಳೆತಗಳನ್ನಲ್ಲ, ಅದರಲ್ಲಿ ಕಾಣುವ ಐದು ನೇರ ಗೆರೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ತೋರಿಸಿಕೊಟ್ಟರು. ಇಷ್ಟು ಬಿಡಿಸಿ ಹೇಳುವ ಅಧ್ಯಾಪಕರು ಸಿಗುವುದು ಕಲಿಯುವವರ ಪುಣ್ಯ.

ಪೇಜರ್ ಮರೆಯಾದರೂ ಅದರ ಭಾಷೆ ಪೂರ್ತಿ ಅಳಿದಿಲ್ಲ. ತ್ವರಿತ ಸೇವೆ ನೀಡುವ ಅಲ್ಲಿನ ಎಷ್ಟೋ ವ್ಯಾಪಾರಿಗಳ ಫೋನ್ ಸಂಖ್ಯೆ ಇಂದಿಗೂ 8282ರಲ್ಲಿ ಮುಗಿಯುತ್ತದೆ. ತನ್ನಲ್ಲಿ 1004 ದ್ವೀಪಗಳಿವೆ ಎಂದು ಹೇಳಿಕೊಳ್ಳುವ ಶಿನಾನ್ ಕೌಂಟಿಯಲ್ಲಿ 2019ರಲ್ಲಿ ತೆರೆದ ಸೇತುವೆಗೆ ಚೊನ್‌ಸಾ ಎಂದೇ ಹೆಸರು.

ಹಂಚಿದ ಕರಪತ್ರ ಮಾತ್ರ ಪಾಠದ ಮಟ್ಟಕ್ಕಿಲ್ಲ. ಕೊರಿಯನ್ ಪದಗಳನ್ನು ರೋಮನ್ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರಿಂದ ಅನೇಕರು ‘ಚೊನ್’ ಎಂಬುದನ್ನು ‘ಚಿಯೋನ್’ ಎಂದು ಓದಿದರು; ಕನ್ನಡದಲ್ಲಿ ಬರೆದಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ ನಮ್ಮೂರಿನ ಅನುಭವವನ್ನು ಬಿಟ್ಟದ್ದು. 1995ರಲ್ಲಿ ಭಾರತಕ್ಕೆ ಬಂದ ಪೇಜರ್ ಸೇವೆಯಲ್ಲಿ ಆಪರೇಟರ್‌ಗೆ ಫೋನ್ ಮಾಡಿ ಸಂದೇಶ ಹೇಳಿ ಬರೆಸುವ ವ್ಯವಸ್ಥೆಯಿತ್ತು, ಅಕ್ಷರಗಳೇ ಪರದೆಗೆ ಬರುತ್ತಿದ್ದವು, ಹಾಗಾಗಿ ಅಂಕಿಗಳ ಗುಟ್ಟು ನಮಗೆ ಬೇಕಾಗಲಿಲ್ಲ. ನಮ್ಮ ಗುಟ್ಟು ಇದ್ದದ್ದು ಮಿಸ್ಡ್ ಕಾಲ್‌ನಲ್ಲಿ: ಒಂದು ರಿಂಗ್ ಆದರೆ ಮನೆ ತಲುಪಿದೆ, ಎರಡಾದರೆ ಕೆಳಗೆ ಬಾ. ಕರೆಯ ದರ ಕೈಸುಡುತ್ತಿದ್ದ ದಿನಗಳನ್ನು ಕಂಡ ಕಲಿಯುವವರು ಎದುರಿಗೇ ಕುಳಿತಿರುವಾಗ ಅವರಿಂದ ಇದನ್ನು ಹೇಳಿಸಿದ್ದರೆ, ಕೊರಿಯಾದ ಹರೆಯದವರ ಜಾಣ್ಮೆ ಇನ್ನಷ್ಟು ಹತ್ತಿರವಾಗುತ್ತಿತ್ತು.

ಆಸಕ್ತರು ಖಂಡಿತ ಸೇರಬೇಕು. ಕೊರಿಯನ್ ಲಿಪಿ ಬಾರದವರು ಮೊದಲು ಅದನ್ನು ಕಲಿತು ಹೋಗುವುದು ಒಳ್ಳೆಯದು, ಇಲ್ಲವಾದರೆ 486ರ ಪಾಠ ಕೈತಪ್ಪುತ್ತದೆ.